ಸಭೆಯೇ ಧಣಿಯಾದಾಗ: ಜೆಪ್ಪುವಿನ ಹಂಚಿನ ಕಾರ್ಖಾನೆ, ಒಂದು ಪ್ರಕರಣ ಅಧ್ಯಯನ

ಕ್ರೈಸ್ತ ಮತಪ್ರಚಾರದ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಮೇಲೆ, ಹಂಚಿನ ಕಾರ್ಖಾನೆಯೊಂದನ್ನು ತೆರೆಯಿತು. ಹಣ ಮಾಡಲೆಂದು ಕಡಲು ದಾಟಿ ಬಂದ ವ್ಯಾಪಾರಿಗಳ ಸಾಹಸ ಅದಾಗಿರಲಿಲ್ಲ. ಕ್ರಿಸ್ತಮತವನ್ನು ಒಪ್ಪಿದ ಕಾರಣಕ್ಕೆ ಮನೆ, ಕುಲಕಸುಬು, ಗೇಣಿಯ ಭೂಮಿ ಎಲ್ಲವನ್ನೂ ಕಳೆದುಕೊಂಡು ನಿಂತವರಿಗೆ ಮರ್ಯಾದೆಯ ದುಡಿಮೆ ಒದಗಿಸಬೇಕೆಂಬ ಧಾರ್ಮಿಕ ಹೊಣೆಯಿಂದ ಹುಟ್ಟಿದ ಉದ್ಯಮ ಅದು. ಕೂಲಿ ಕೊಡುತ್ತಿದ್ದ ಸಂಸ್ಥೆ ಯಾವುದೋ ದೀಕ್ಷಾಸ್ನಾನ ಕೊಡುತ್ತಿದ್ದ ಸಂಸ್ಥೆಯೂ ಅದೇ ಆಗಿತ್ತು. ವಾರದ ಆರು ದಿನ ಮಣ್ಣು ಹೊತ್ತು, ಅಚ್ಚು ಒತ್ತಿ, ಭಟ್ಟಿಗೆ ಸೌದೆ ತುಂಬಿದ ಸಭೆಯ, ಅಂದರೆ ಕ್ರೈಸ್ತ ಭಕ್ತಸಮುದಾಯದ, ಜನ ಏಳನೆಯ ದಿನ ಅದೇ ಸಂಸ್ಥೆಯ ದೇವಾಲಯದಲ್ಲಿ ಕುಳಿತು ಪ್ರಸಂಗ ಕೇಳುತ್ತಿದ್ದರು.

ಬಂಡವಾಳಶಾಹಿಯನ್ನು ಧರ್ಮದ ನೆಲೆಯಿಂದ ವಿಮರ್ಶಿಸುವ ಬರಹಗಳಲ್ಲಿ ನಮಗೆ ಪದೇ ಪದೇ ಎದುರಾಗುವುದು ಎರಡು ಪಾತ್ರಗಳು: ಲೋಭಿಯಾದ ಧಣಿ ಮತ್ತು ಅವನನ್ನು ಖಂಡಿಸುವ ಸಂತ. ಜೆಪ್ಪುವಿನ ಪ್ರಕರಣದಲ್ಲಿ ಧಣಿಯ ಗಾದಿಯ ಮೇಲೆ ಸಂತನೇ ಕುಳಿತಿದ್ದಾನೆ. ಆದ್ದರಿಂದಲೇ ಇದು ಅಧ್ಯಯನಕ್ಕೆ ತಕ್ಕ ಪ್ರಕರಣ. ಮಾಲೀಕನ ಮನಸ್ಸಿನಿಂದ ಲೋಭವನ್ನು ಕಿತ್ತುಹಾಕಿದರೆ ದುಡಿಮೆಯ ಸಂಬಂಧದೊಳಗಿನ ಅನ್ಯಾಯವೂ ಹೋಗಿಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ. ನನ್ನ ನಿಲುವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದುರಾಸೆಯ ವಿರುದ್ಧ ಶಾಸ್ತ್ರಗಳು ಹೇಳಿದ್ದನ್ನು ಈ ಕಾರ್ಖಾನೆ ಬಹುಮಟ್ಟಿಗೆ ಪಾಲಿಸಿತು. ಆದರೆ ದುಡಿಯುವವರ ಮಾತಿಗೆ ಅಲ್ಲಿ ಅಧಿಕಾರದ ಸ್ಥಾನವಿರಲಿಲ್ಲ, ಮತ್ತು ಆ ಕೊರತೆಯ ಬೆಲೆಯನ್ನು 1914ರ ನಂತರ ತೆತ್ತವರು ದುಡಿಯುವವರೇ.

ಜಾತಿ ಬಿಟ್ಟವರ ಅನ್ನದ ಪ್ರಶ್ನೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಮಿಷನ್ನಿನ ಮೊದಲ ಮೂವರು, ಸಾಮ್ಯುಯೆಲ್ ಹೆಬಿಕ್, ಜೋಹಾನ್ನೆಸ್ ಲೆಹ್ನರ್ ಮತ್ತು ಕ್ರಿಸ್ಟಿಯನ್ ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿನ ಒಳರಚನೆಯನ್ನು ಇಲ್ಲಿ ಗಮನಿಸಬೇಕು. ಬಾಸೆಲ್‌ನ ಆಡಳಿತ ಸಮಿತಿಯಲ್ಲಿ ಕುಳಿತವರಲ್ಲಿ ಅಲ್ಲಿನ ರೇಷ್ಮೆ ಪಟ್ಟಿಯ ಉದ್ಯಮಕ್ಕೆ ಸೇರಿದ ಸಿರಿವಂತ ಮನೆತನಗಳವರಿದ್ದರು; ಹೊರನಾಡುಗಳಿಗೆ ಹೊರಟವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಇಬ್ಬರನ್ನೂ ಬೆಸೆದದ್ದು ಪಯಟಿಸಂ ಎಂಬ ಭಕ್ತಿಪಂಥ. ನಂಬಿಕೆಯ ಸತ್ಯ ತಿಳಿಯಬೇಕಾದುದು ವಾದದಲ್ಲಿ ಅಲ್ಲ, ದಿನನಿತ್ಯದ ನಡತೆಯಲ್ಲಿ ಮತ್ತು ಶಿಸ್ತಿನ ದುಡಿಮೆಯಲ್ಲಿ ಎಂಬುದು ಆ ಪಂಥದ ತಿರುಳು. ಸೋಮಾರಿತನ ಅವರಿಗೆ ಪಾಪವಾಗಿತ್ತು, ಕೈಕೆಲಸ ಪ್ರಾರ್ಥನೆಯ ಒಂದು ರೂಪವಾಗಿತ್ತು. ಕನ್ನಡಿಗರಿಗೆ ಇದು ಅಪರಿಚಿತ ವಿಚಾರವೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕವನ್ನು ಪೂಜೆಗಿಂತ ಮೇಲಿಟ್ಟು ಮಾತಾಡಿದ್ದರು. ಆದರೆ ಕಾಯಕದ ಜೊತೆಗೆ ದಾಸೋಹ ಬರುತ್ತದೆ. ದುಡಿದದ್ದರಲ್ಲಿ ಮಿಕ್ಕಿದ್ದು ಸಮುದಾಯಕ್ಕೆ ಸಲ್ಲಬೇಕಾದ ಬಾಕಿಯಾಗುತ್ತದೆ. ಪಯಟಿಸ್ಟರ ದುಡಿಮೆಯಲ್ಲಿ ಮಿಕ್ಕಿದ್ದು ಎಲ್ಲಿಗೆ ಹೋಯಿತು ಎಂಬುದನ್ನು ಮುಂದೆ ನೋಡೋಣ.

ಮತಾಂತರಗೊಂಡವರಲ್ಲಿ ದೊಡ್ಡ ಸಂಖ್ಯೆಯವರು ಬಿಲ್ಲವರು. ಹಲವರ ಜೀವನ ಮೂರ್ತೆಯ ಕಸುಬಿನ ಮೇಲೆ ನಿಂತಿತ್ತು, ಮತ್ತು ಶೇಂದಿಯ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಭೂತಾರಾಧನೆಯಿಂದ ದೂರ ಸರಿದವನಿಗೆ ಊರಿನ ಭೂಮಾಲೀಕರ ಗುತ್ತಿನ ಮನೆಯೊಡನೆ ಇದ್ದ ಸಂಬಂಧ ಕಡಿಯುತ್ತಿತ್ತು. ಚಾಲಗೇಣಿಯ, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಯ, ಒಕ್ಕಲನ್ನು ಎಬ್ಬಿಸಲು ಧಣಿಗೆ ದೊಡ್ಡ ಕಾರಣವೇ ಬೇಕಿರಲಿಲ್ಲ. ಕಾಯಿದೆಯ ಕಡೆಯಿಂದ ನೋಡಿದರೆ ಮತಾಂತರಗೊಂಡವನಿಗೆ ರಕ್ಷಣೆ ಇತ್ತು: 1850ರ 21ನೆಯ ಕಾಯಿದೆಯ ಪ್ರಕಾರ ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುವಂತಿರಲಿಲ್ಲ. ಆದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಆಸ್ತಿಯಿಂದ ಒಬ್ಬ ವ್ಯಕ್ತಿ ತನ್ನ ಪಾಲನ್ನು ಬೇರ್ಪಡಿಸಿ ಕೊಡಿ ಎಂದು ಕೇಳುವ ಹಕ್ಕೇ ಇರಲಿಲ್ಲ. ಪಾಲಿನ ಹಕ್ಕನ್ನು ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಅಂದರೆ ಕಾಗದದ ಮೇಲೆ ಹಕ್ಕು ಉಳಿದವನಿಗೂ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಕೈಗೆ ಬರುವುದು ಏನೂ ಇರಲಿಲ್ಲ. ಈ ಸೂಕ್ಷ್ಮವನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅನ್ನದಾಸೆಗೆ ಮತ ಬಿಟ್ಟವರು ಎಂಬ ಹಗುರವಾದ ಮಾತು ಈ ಜನರ ಮೇಲೆ ಇಂದಿಗೂ ಬೀಳುತ್ತಿದೆ. ದಾಖಲೆಗಳು ತೋರಿಸುವುದು ಅದರ ತಿರುಗುಮುರುಗನ್ನು: ಮತ ಬಿಟ್ಟದ್ದರಿಂದ ಅವರ ಅನ್ನ ಹೋಯಿತು, ಅನ್ನದ ಏರ್ಪಾಟು ಅದರ ನಂತರ ಬಂತು.

ಏರ್ಪಾಟು ಸುಲಭವಾಗಿ ಆಗಲಿಲ್ಲ. ಮಿಷನ್ ಮೊದಲು ಬೇಸಾಯದ ವಸಾಹತುಗಳನ್ನು ಪ್ರಯತ್ನಿಸಿತು. ಅವು ನಿರೀಕ್ಷಿಸಿದಂತೆ ನಡೆಯಲಿಲ್ಲ. ಪುಸ್ತಕ ಕಟ್ಟುವುದು, ಗಡಿಯಾರ ದುರಸ್ತಿ, ಬಡಗಿ ಕೆಲಸ ಇವುಗಳಲ್ಲಿ ಕೆಲವೇ ಜನರಿಗೆ ಎಡೆಯಿತ್ತು. ನೇಯ್ಗೆ ಹೆಚ್ಚು ಜನರನ್ನು ಹಿಡಿಯಿತು. ಜೋಹಾನ್ನೆಸ್ ಹಾಲರ್ ಎಂಬವರು 1850ರ ದಶಕದಲ್ಲಿ ಯುರೋಪಿನ ಮಗ್ಗಗಳನ್ನು ಮಂಗಳೂರಿನಲ್ಲಿ ಹೂಡಿದರು, ಖಾಕಿ ಬಣ್ಣದ ಬಟ್ಟೆಯ ಹೆಸರು ಅವರೊಡನೆ ತಳಕು ಹಾಕಿಕೊಂಡಿದೆ. ಕೊನೆಗೆ ಮಿಷನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ಸೀಮೆಯ ಜೇಡಿಮಣ್ಣನ್ನು ಪರೀಕ್ಷಿಸಿ ಹಂಚಿಗೆ ಒದಗುತ್ತದೆಂದು ಕಂಡುಕೊಂಡರು. ಅಲ್ಲಿಯವರೆಗೆ ಕರಾವಳಿಯ ಸಾಮಾನ್ಯರ ಮನೆಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲಿನ ಮಾಡು. ಜೂನ್ ತಿಂಗಳಿನಿಂದ ಎಡೆಬಿಡದೆ ಸುರಿಯುವ ಮಳೆಯಲ್ಲಿ ಪ್ರತಿವರ್ಷ ಮಾಡು ಹೊದಿಸುವ ಕಷ್ಟ ತಿಳಿದವರಿಗೆ ಹಂಚು ಏನನ್ನು ತಂದುಕೊಟ್ಟಿತೆಂದು ವಿವರಿಸಬೇಕಿಲ್ಲ.

ಮಣ್ಣು, ಪ್ರಾರ್ಥನೆ, ಕೂಲಿ

ಕಾರ್ಖಾನೆಯ ಕೆಲಸದ ಸರಣಿ ಹೀಗಿತ್ತು. ನದಿಬದಿಯ ಗದ್ದೆಗಳಿಂದ ಅಗೆದ ಮಣ್ಣು ದೋಣಿಗಳಲ್ಲಿ ಬಂದು ದಡ ಸೇರುತ್ತದೆ. ಅದನ್ನು ರಾಶಿ ಹಾಕಿ, ನೀರುಣಿಸಿ, ಹದ ಬರುವವರೆಗೆ ಬಿಡುತ್ತಾರೆ. ಹದಗೊಂಡ ಮಣ್ಣು ಅರೆಯುವ ಯಂತ್ರವನ್ನು ಹಾದು ಹಲಗೆಯ ರೂಪದಲ್ಲಿ ಹೊರಬರುತ್ತದೆ, ಕಬ್ಬಿಣದ ಅಚ್ಚಿನೊಳಗೆ ಒತ್ತಿದಾಗ ಹಂಚಾಗುತ್ತದೆ. ಅಂಚಿಗೆ ಉಕ್ಕಿದ ಹೆಚ್ಚುವರಿ ಮಣ್ಣನ್ನು ತಂತಿಯಿಂದ ಕೊಯ್ದು ತೆಗೆಯುವುದು, ಹಸಿ ಹಂಚನ್ನು ಬಾಗದಂತೆ ಮರದ ಚೌಕಟ್ಟಿನ ಮೇಲಿಟ್ಟು ನೆರಳಿನಲ್ಲಿ ಒಣಗಿಸುವುದು, ಒಣಗಿದ್ದನ್ನು ತಲೆಯ ಮೇಲೆ ಹೊತ್ತು ಭಟ್ಟಿಗೆ ಸಾಗಿಸುವುದು, ಅಲ್ಲಿ ದಿನಗಟ್ಟಲೆ ಸೌದೆಯ ಉರಿಯಲ್ಲಿ ಸುಡುವುದು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನ ನಾದ ಬರಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕಿದೆ ಎಂದರ್ಥ. ಹೊರುವ ಕೆಲಸದಲ್ಲಿ ಹೆಂಗಸರು ಹೆಚ್ಚು. ಆ ಕಾಲದ ಹಂಚನ್ನು ಈಗಲೂ ಹಳೆಯ ಮನೆಯ ಮಾಡಿನಿಂದ ಇಳಿಸಿ ಮಗುಚಿ ನೋಡಿದರೆ, ಅಡಿಭಾಗದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಹೆಸರೂ 1865 ಎಂಬ ಇಸವಿಯೂ ಉಬ್ಬಕ್ಷರದಲ್ಲಿ ಕಾಣುತ್ತವೆ. ಮತಪ್ರಚಾರದ ಸಂಸ್ಥೆಯೊಂದರ ಹೆಸರು ಹೀಗೆ ಹಿಂದೂ, ಮುಸ್ಲಿಂ, ಜೈನ, ಕ್ಯಾಥೊಲಿಕ್ ಎಂಬ ಭೇದವಿಲ್ಲದೆ ಎಲ್ಲರ ತಲೆಯ ಮೇಲೆ ನಿಂತಿತು.

ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ರಜೆ. ಕಾಯಿಲೆಗೆ ಮತ್ತು ಕಷ್ಟಕಾಲಕ್ಕೆ ನಿಧಿಗಳಿದ್ದವು, ಉಳಿತಾಯದ ಅಭ್ಯಾಸಕ್ಕೆ ಒತ್ತಾಸೆ ಇತ್ತು, ಮಕ್ಕಳಿಗೆ ಶಾಲೆಯಿತ್ತು. ಇವುಗಳ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲದ ಸರ್ಕಾರ ಯಾವುದನ್ನು ನ್ಯಾಯವೆಂದು ಒಪ್ಪಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ; ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ತಾಸು ದುಡಿಸಲು ಅದು ಅನುಮತಿ ನೀಡಿತ್ತು, ವಯಸ್ಕರ ದುಡಿಮೆಯ ಅವಧಿಗೆ ಮಿತಿಯನ್ನೇ ಹಾಕಿರಲಿಲ್ಲ. ಅದಕ್ಕೆ ಹದಿನಾರು ವರ್ಷ ಮೊದಲು ಶುರುವಾದ ಕಾರ್ಖಾನೆ ತನ್ನ ಜನರ ಕಾಯಿಲೆಯನ್ನೂ ಮುಪ್ಪನ್ನೂ ತನ್ನ ಹೊಣೆಯೆಂದು ತಿಳಿದಿತ್ತು. ಮಿಷನ್ನಿನ ಟೀಕಾಕಾರರು ಇದನ್ನು ಸುಲಭವಾಗಿ ಮರೆಯುತ್ತಾರೆ.

ಇನ್ನೊಂದು ಸಾಧನೆಯೂ ಇದೆ. ಜಾತಿಯೆಂಬುದು ಬರಿಯ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ಅದಕ್ಕೆ ಏಳು ದಶಕ ಮೊದಲೇ ಜೆಪ್ಪುವಿನ ಚಾವಣಿಯಡಿ ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಮಣ್ಣನ್ನು ಮುಟ್ಟಿದರು. ಕ್ರೈಸ್ತರಲ್ಲದವರಿಗೂ ಕಾಲಕ್ರಮದಲ್ಲಿ ಅಲ್ಲಿ ಕೆಲಸ ಸಿಕ್ಕಿತು. ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಹುಟ್ಟು ತೀರ್ಮಾನಿಸುತ್ತಿದ್ದ ಊರಿನಲ್ಲಿ ಕೆಲಸವನ್ನು ಕಲಿತವನಿಗೆ ಕೆಲಸ ಎಂಬ ನಿಯಮ ಬಂದದ್ದೇ ದೊಡ್ಡ ಬದಲಾವಣೆ. ಆದರೆ ಹಳೆಯ ಮೆಟ್ಟಿಲು ಕುಸಿದ ಜಾಗದಲ್ಲಿ ಹೊಸ ಮೆಟ್ಟಿಲು ಎದ್ದಿತು. ಮೇಲೆ ಯುರೋಪಿಯನ್ ವ್ಯವಸ್ಥಾಪಕ, ಕೆಳಗೆ ಮೇಸ್ತ್ರಿ ಮತ್ತು ರೈಟರ್ ಎಂಬ ಗುಮಾಸ್ತ, ಅದರಡಿ ಯಂತ್ರದ ಕೆಲಸಗಾರ, ತೀರಾ ಕೆಳಗೆ ಮಣ್ಣು ಹೊರುವ ಹೆಂಗಸು.

ಮಿಕ್ಕಿದ್ದು ಎಲ್ಲಿಗೆ ಹೋಯಿತು

ಮಿಷನ್ನಿನ ವ್ಯಾಪಾರವನ್ನು ನಡೆಸಲು 1859ರಲ್ಲಿ ಬಾಸೆಲ್‌ನಲ್ಲಿ ಷೇರು ಬಂಡವಾಳದ ಕಂಪನಿಯೊಂದು ಸ್ಥಾಪನೆಯಾಯಿತು. ಷೇರುದಾರರು ಪಡೆಯಬಹುದಾದ ಲಾಭಾಂಶಕ್ಕೆ ಮಿತಿಯಿತ್ತು, ಅದರ ಮೇಲಿನ ಲಾಭ ಮಿಷನ್ನಿನ ಕೆಲಸಕ್ಕೆ ಸಲ್ಲುತ್ತಿತ್ತು. ಸುವಾರ್ತೆಯ ಕೆಲಸಕ್ಕೆ ವ್ಯಾಪಾರವನ್ನು ಬೆರೆಸುವುದು ಸರಿಯೇ ಎಂಬ ಬಗ್ಗೆ ಮಿಷನರಿಗಳ ನಡುವೆಯೇ ತೀವ್ರವಾದ ಭಿನ್ನಾಭಿಪ್ರಾಯವಿತ್ತು. ಆತ್ಮಗಳ ಕುರುಬನಾಗಲು ಬಂದವನು ಲೆಕ್ಕದ ಪುಸ್ತಕ ಹಿಡಿದು ಕುಳಿತರೆ ಎರಡೂ ಕೆಡುತ್ತವೆ ಎಂದು ಆಕ್ಷೇಪಿಸಿದವರು ಹೊರಗಿನ ವಿರೋಧಿಗಳಲ್ಲ, ಅದೇ ಸಂಸ್ಥೆಯ ಭಕ್ತರು.

ಇಲ್ಲಿ ಗಾಂಧಿಯವರ ಧರ್ಮದರ್ಶಿತ್ವದ ವಿಚಾರವನ್ನು ಎದುರಿಗಿಟ್ಟು ನೋಡುವುದು ಉಪಯುಕ್ತ. ಸಿರಿವಂತನು ತನ್ನ ಸಂಪತ್ತನ್ನು ಸಮಾಜದ ಪರವಾಗಿ ಇಟ್ಟುಕೊಂಡ ಇಡುಗಂಟೆಂದು ತಿಳಿದು, ತನಗೆ ಬೇಕಾದಷ್ಟನ್ನೇ ಬಳಸಿ ಉಳಿದುದನ್ನು ಜನರ ಹಿತಕ್ಕೆ ವಿನಿಯೋಗಿಸಬೇಕೆಂಬುದು ಅದರ ಸಾರ. ಅದಕ್ಕೆ ಬೆಂಬಲವಾಗಿ ಅವರು ಮತ್ತೆ ಮತ್ತೆ ನೆನೆದದ್ದು ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರವನ್ನು: ಜಗತ್ತೆಲ್ಲವೂ ಈಶನಿಂದ ವ್ಯಾಪ್ತವಾದುದು, ತ್ಯಾಗದಿಂದ ಅನುಭವಿಸು, ಯಾರ ಧನಕ್ಕೂ ಆಸೆಪಡಬೇಡ. ಜೆಪ್ಪುವಿನ ಕಾರ್ಖಾನೆ ಈ ಆದರ್ಶಕ್ಕೆ ಬಹಳ ಹತ್ತಿರ ಬಂದ ಉದ್ಯಮ. ಮಿಷನರಿ ತಾನು ಶ್ರೀಮಂತನಾಗಲಿಲ್ಲ. ಹಂಚಿನ ಲಾಭದಿಂದ ಅವನು ಬಂಗಲೆ ಕೊಳ್ಳಲಿಲ್ಲ. ಶಾಲೆಗಳು, ದೇವಾಲಯಗಳು, ಔಷಧಾಲಯಗಳು ನಡೆದವು. ಹೀಗಿರುವಾಗ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ: ಇಡುಗಂಟನ್ನು ಕಾಯುವವನು ಪ್ರಾಮಾಣಿಕನಾಗಿದ್ದರೂ, ಆ ಗಂಟನ್ನು ತುಂಬಿದವರಿಗೆ ಅದರ ಬಗ್ಗೆ ಕೇಳುವ ಹಕ್ಕು ಇರದಿದ್ದರೆ, ಅದನ್ನು ನ್ಯಾಯವೆನ್ನಬಹುದೇ?

ಬಂಡವಾಳವನ್ನು ಕುರಿತ ಮಾರ್ಕ್ಸ್‌ನ ಕೃತಿಯ ಮೊದಲ ಸಂಪುಟ ಹೊರಬಂದದ್ದು 1867ರಲ್ಲಿ, ಜೆಪ್ಪುವಿನ ಭಟ್ಟಿ ಹೊತ್ತಿದ ಎರಡು ವರ್ಷಗಳ ತರುವಾಯ. ಅದರ ಮುಖ್ಯವಾದ ತಿಳಿವಳಿಕೆಗಳಲ್ಲಿ ಒಂದು ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ: ಬಂಡವಾಳಗಾರನ ವೈಯಕ್ತಿಕ ಒಳ್ಳೆಯತನ ಅಥವಾ ಕೆಟ್ಟತನದ ಮೇಲೆ ದುಡಿಮೆಯ ಪರಿಸ್ಥಿತಿ ನಿಂತಿಲ್ಲ, ಪೈಪೋಟಿಯ ನಿಯಮ ಹೊರಗಿನ ಒತ್ತಾಯವಾಗಿ ಎಲ್ಲರ ಮೇಲೂ ಬೀಳುತ್ತದೆ. 1868ರಲ್ಲಿ ಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದ ಹಂಚಿನ ಕಾರ್ಖಾನೆ ಆರಂಭವಾಯಿತು; ನಂತರ ನದಿಯ ಎರಡೂ ದಡಗಳಲ್ಲಿ ಹಂಚಿನ ಚಿಮಣಿಗಳು ಎದ್ದವು. ಮಿಷನ್ ಕೂಡ 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಉಡುಪಿಯ ಬಳಿಯ ಮಲ್ಪೆಯಲ್ಲಿ ಕಾರ್ಖಾನೆಗಳನ್ನು ತೆರೆಯಿತು, ಮಲಬಾರಿನಲ್ಲಿಯೂ ವಿಸ್ತರಿಸಿತು. ಮಾರುಕಟ್ಟೆಯಲ್ಲಿ ಹಂಚಿನ ಬೆಲೆ ಇಳಿದಾಗ ಪ್ರಾರ್ಥನೆಯಿಂದ ಆರಂಭವಾದ ಹಂಚಿಗೆ ಯಾರೂ ಹೆಚ್ಚು ಕೊಡುವುದಿಲ್ಲ. ಆದ್ದರಿಂದ ಕೂಲಿಯ ದರವನ್ನು ಕರುಣೆ ಒಂದೇ ನಿರ್ಧರಿಸುವಂತಿರಲಿಲ್ಲ. ಹಾಗೆಂದು ಮಾರ್ಕ್ಸ್‌ನ ವಿಶ್ಲೇಷಣೆಯೇ ಇಲ್ಲಿ ಸಾಕೆಂದು ನಾನು ಭಾವಿಸುವುದಿಲ್ಲ. ಜಾತಿಯಿಂದ ಹೊರದೂಡಲ್ಪಟ್ಟವನಿಗೆ ಕೂಲಿಯ ಕೆಲಸವೇ ಒಂದು ಬಿಡುಗಡೆಯಾಗಿತ್ತು ಎಂಬ ಸತ್ಯವನ್ನು ಕೂಲಿ ಮತ್ತು ಬಂಡವಾಳದ ಲೆಕ್ಕ ಮಾತ್ರ ಹಿಡಿದುಕೊಡಲಾರದು.

ಜೆಪ್ಪುವಿನಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ನ ನೆನಪೂ ಆಗಬೇಕು. ಪ್ರಾಟೆಸ್ಟಂಟ್ ಶಿಸ್ತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ಅವನು 1904 ಮತ್ತು 1905ರಲ್ಲಿ ವಿವರಿಸಿದನು, ಪಯಟಿಸಂ ಅವನ ಚರ್ಚೆಯ ಭಾಗವೇ ಆಗಿತ್ತು. ದುಡಿ, ಆದರೆ ಅನುಭವಿಸಬೇಡ ಎಂದು ಹೇಳಿದರೆ ಹಣ ಕೂಡಿಯೇ ಕೂಡುತ್ತದೆ ಎಂಬುದು ಅವನ ವಾದದ ಒಂದು ಎಳೆ. ಆ ಎಳೆಯನ್ನು ಕರಾವಳಿಗೆ ತಂದರೆ ಒಂದು ವ್ಯತ್ಯಾಸ ಕಾಣುತ್ತದೆ. ಮಿತವ್ಯಯವನ್ನು ಕಲಿತವರು ಜೆಪ್ಪುವಿನ ಕೆಲಸಗಾರರು. ಕೂಡಿದ ಬಂಡವಾಳ ಮಾತ್ರ ಅವರ ಹೆಸರಿನಲ್ಲಿ ಕೂಡಲಿಲ್ಲ.

ಧಣಿಗೆ ಹೇಳಿದ ಮಾತು, ಕೂಲಿಯವನ ಕೈಗೆ ಸಿಕ್ಕ ಪುಸ್ತಕ

ತುಳು ಭಾಷೆಯ ಹೊಸ ಒಡಂಬಡಿಕೆಯನ್ನು ಬಾಸೆಲ್ ಮಿಷನ್ 1847ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿತು. ಅಂದರೆ ಕಾರ್ಖಾನೆ ಆರಂಭವಾಗುವುದಕ್ಕೆ ಹದಿನೆಂಟು ವರ್ಷ ಮೊದಲೇ, ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತುಳುವಿನಲ್ಲಿ ಅಚ್ಚಾಗಿ ಕೈಗೆ ಸಿಗುವಂತಿತ್ತು. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಅಲ್ಲಿ ಐಶ್ವರ್ಯವಂತರಿಗೆ ಎಚ್ಚರಿಕೆ ಇದೆ. ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಬಂದವನಿಗೂ ಮುಂಜಾನೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಹೊತ್ತು ಮುಳುಗುವ ಮೊದಲು ಕೂಲಿ ಸಲ್ಲಬೇಕೆನ್ನುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ ಮುಹಮ್ಮದರ ಮಾತು ಕರಾವಳಿಯ ಬ್ಯಾರಿ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಓದು ಬಲ್ಲ ಕೂಲಿಯಾಳುಗಳನ್ನು ತಯಾರಿಸಿದ ಕೀರ್ತಿ ಮಿಷನ್ನಿನ ಶಾಲೆಗಳಿಗೆ ಸಲ್ಲಬೇಕು. ತನ್ನನ್ನೇ ಪ್ರಶ್ನಿಸಬಲ್ಲ ಗ್ರಂಥವನ್ನು ತನ್ನ ಕೆಲಸಗಾರರ ಭಾಷೆಯಲ್ಲಿ ಮುದ್ರಿಸಿ, ಅದನ್ನು ಓದಲು ತಾನೇ ಕಲಿಸಿದ ಧಣಿ ಚರಿತ್ರೆಯಲ್ಲಿ ಅಪರೂಪ.

ಆದರೂ ಈ ವಚನಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಹುತೇಕ ಎಲ್ಲವೂ ಧಣಿಯನ್ನು ಉದ್ದೇಶಿಸಿವೆ. ಕೂಲಿ ತಡೆಯಬೇಡ, ಮೋಸ ಮಾಡಬೇಡ, ಉದಾರಿಯಾಗು ಎಂದು ಅವನಿಗೆ ಹೇಳುತ್ತವೆ; ಕೂಲಿಯವನನ್ನು ಧಣಿಯ ಪಕ್ಕದಲ್ಲಿ ಕೂರಿಸುವ ಮಾತು ಅವುಗಳಲ್ಲಿಲ್ಲ. ದ್ರಾಕ್ಷಿತೋಟದ ಯಜಮಾನನ ಉದಾರತೆಯೂ ನನ್ನ ಸೊತ್ತನ್ನು ನನ್ನ ಮನಸ್ಸಿಗೆ ಬಂದಂತೆ ಕೊಡುವ ಅಧಿಕಾರ ನನಗಿಲ್ಲವೇ ಎಂಬ ಪ್ರಶ್ನೆಯ ಮೇಲೆ ನಿಂತಿದೆ. ಇದಕ್ಕೆ ಹೊರತಾಗಿ ನಿಲ್ಲುವುದು ಅದೇ ಹಳೆಯ ಒಡಂಬಡಿಕೆಯ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದ ಜೂಬಿಲಿ ವರ್ಷದ ವಿಧಿ. ಭೂಮಿ ದೇವರದ್ದು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರುವಂತಿಲ್ಲ, ಐವತ್ತನೆಯ ವರ್ಷದಲ್ಲಿ ಅದು ಮೂಲದ ಮನೆತನಕ್ಕೆ ಮರಳಬೇಕು ಎನ್ನುವಾಗ ಧರ್ಮಶಾಸ್ತ್ರ ಧಣಿಯ ಮನಸ್ಸನ್ನು ಬಿಟ್ಟು ಒಡೆತನದ ರಚನೆಗೇ ಕೈಹಾಕುತ್ತದೆ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವೂ ನನಗೆ ಬೆಲೆಯುಳ್ಳದ್ದೆನಿಸುವುದು ಇದೇ ಕಾರಣಕ್ಕೆ: ಅಲ್ಲಿ ಹೆಚ್ಚುವರಿಯ ಬಗ್ಗೆ ತೀರ್ಮಾನ ಹೇಳುವವಳು ದುಡಿದು ಉಣ್ಣುವ ಹೆಂಗಸು.

ಕ್ಯಾಥೊಲಿಕ್ ಲೋಕದಲ್ಲಿ 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ಪರಿಪತ್ರ ಖಾಸಗಿ ಆಸ್ತಿಯನ್ನು ಸಮರ್ಥಿಸುತ್ತಲೇ, ಕೂಲಿ ಎಂಬುದು ದುಡಿಯುವವನು ಮಿತವಾಗಿಯಾದರೂ ಮರ್ಯಾದೆಯಿಂದ ಬಾಳುವಷ್ಟಿರಬೇಕು, ಅವನಿಗೆ ಸಂಘ ಕಟ್ಟುವ ಹಕ್ಕಿದೆ ಎಂದು ಸಾರಿತು. ಮಂಗಳೂರಿನಲ್ಲಿ ಕ್ಯಾಥೊಲಿಕರ ಸಂಖ್ಯೆ ದೊಡ್ಡದಿದ್ದರೂ ಜೆಪ್ಪುವಿನ ಪ್ರಾಟೆಸ್ಟಂಟ್ ಸಭೆಗೆ ಆ ಪತ್ರ ಬರೆದದ್ದಲ್ಲ.

ಸಂಘ ಕಟ್ಟುವುದು ಜೆಪ್ಪುವಿನಲ್ಲಿ ಏಕೆ ಕಷ್ಟವಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಕುಡಿತ, ಕೋಲ ನೋಡಲು ಹೋಗುವುದು, ಸಾಲ, ಮದುವೆಯ ವಿಚಾರದಲ್ಲಿ ಹಳೆಯ ಜಾತಿಯ ಕಟ್ಟಳೆ ಹಿಡಿಯುವುದು ಇವೆಲ್ಲವೂ ಸಭೆಯ ಶಿಸ್ತಿನ ವ್ಯಾಪ್ತಿಗೆ ಬರುತ್ತಿದ್ದವು; ತಪ್ಪಿದವನನ್ನು ಕರ್ತನ ರಾತ್ರಿಭೋಜನ ಎಂಬ ರೊಟ್ಟಿ-ದ್ರಾಕ್ಷಾರಸದ ಪವಿತ್ರ ವಿಧಿಯಿಂದ ದೂರ ಇಡಲಾಗುತ್ತಿತ್ತು. ಬೇರೆ ಕಾರ್ಖಾನೆಯ ಕೆಲಸಗಾರ ಧಣಿಯೊಡನೆ ಜಗಳವಾಡಿದರೆ ಅವನಿಗೆ ತನ್ನ ಜಾತಿ, ದೈವಸ್ಥಾನ, ಕುಟುಂಬ ಇವುಗಳ ಆಸರೆ ಉಳಿದಿರುತ್ತಿತ್ತು. ಜೆಪ್ಪುವಿನ ಕ್ರೈಸ್ತ ಕೆಲಸಗಾರ ಆ ಆಸರೆಗಳನ್ನು ಆಗಲೇ ಬಿಟ್ಟು ಬಂದವನು. ಅವನ ಕೂಲಿ, ಅವನ ಸಭೆ, ಮಕ್ಕಳ ಶಾಲೆ, ಸತ್ತ ಮೇಲೆ ಹೂಳುವ ಜಾಗ, ಎಲ್ಲವೂ ಒಂದೇ ಬಾಗಿಲಿನೊಳಗೆ. ಕೂಲಿ ಸಾಲದು ಎಂದು ಹೇಳುವುದು ಅಲ್ಲಿ ಕೃತಘ್ನತೆಯಂತೆ ಕೇಳಿಸುತ್ತದೆ, ಮತ್ತು ಕೃತಘ್ನತೆ ಪಾಪದ ಪಟ್ಟಿಯಲ್ಲಿದೆ. ದೌರ್ಜನ್ಯವನ್ನು ಎದುರಿಸುವುದಕ್ಕಿಂತ ಉಪಕಾರವನ್ನು ಎದುರಿಸುವುದು ಹೆಚ್ಚು ಕಷ್ಟ.

ಅದೇ ಬಿಲ್ಲವ ಸಮುದಾಯದ ಇನ್ನೊಂದು ದಾರಿಯನ್ನು ಇಲ್ಲಿ ಹೋಲಿಸಲೇಬೇಕು. ಮಿಷನ್ನಿನ ಇನ್ನೊಂದು ಹಂಚಿನ ಕಾರ್ಖಾನೆ ಇದ್ದ ಕುದ್ರೋಳಿಯಲ್ಲಿಯೇ 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅದರ ಹಿಂದೆ ನಿಂತವರು ಹೊಯಿಗೆಬಜಾರಿನ ಕೊರಗಪ್ಪನವರು. ಮತ ಬಿಡದೆ, ಯಾರ ದೇವಸ್ಥಾನದ ಬಾಗಿಲನ್ನೂ ಬೇಡದೆ, ತಮ್ಮದೇ ದೇವಸ್ಥಾನವನ್ನು ಕಟ್ಟಿ, ಅದರ ಆಡಳಿತವನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡದ್ದು ಈ ದಾರಿಯ ವಿಶೇಷ. ಕೂಲಿಯ ಪ್ರಶ್ನೆಗೆ ಇದು ಉತ್ತರವಾಗಲಿಲ್ಲ. ಬಿಲ್ಲವರಲ್ಲಿನ ಬಡವರು ಬಡವರಾಗಿಯೇ ಮೂರ್ತೆಗೂ ಬೀಡಿಗೂ ಹಂಚಿಗೂ ಹೋದರು. ಆದರೆ ಆಡಳಿತದ ಕೀಲಿಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೆ ಕುದ್ರೋಳಿಯಲ್ಲಿ ಸಿಕ್ಕ ಉತ್ತರ ಜೆಪ್ಪುವಿನಲ್ಲಿ ಸಿಕ್ಕಿರಲಿಲ್ಲ.

1914: ಒಂದೇ ಯುದ್ಧ, ಎರಡು ವರ್ಗಾವಣೆ

ಮೊದಲ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ನಂತರ ಸ್ವದೇಶಕ್ಕೆ ಕಳಿಸಲಾಯಿತು. ಮಿಷನ್ನಿನ ಉದ್ಯಮಗಳು ಸರ್ಕಾರದ ವಶಕ್ಕೆ ಹೋಗಿ, ಲಂಡನ್ನಿನಲ್ಲಿ 1919ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈ ಸೇರಿದವು. ಮಂಗಳೂರಿನವರ ಬಾಯಲ್ಲಿ ಕಾರ್ಖಾನೆ ಕಾಮನ್‌ವೆಲ್ತ್ ಆಯಿತು, ಹಂಚಿನ ಅಡಿಯ ಅಕ್ಷರವೂ ಬದಲಾಯಿತು.

ಈ ವರ್ಗಾವಣೆ ಪ್ರಕರಣದ ಒಳಮರ್ಮವನ್ನು ಬಯಲಿಗೆ ತಂದಿತು. ಐವತ್ತು ವರ್ಷ ಕಾರ್ಖಾನೆಯನ್ನು ಬೆಳೆಸಿದ ಕೈಗಳು ಮಂಗಳೂರಿನವು, ಅದರ ಉದ್ದೇಶವೆಂದು ಹೇಳಲಾಗಿದ್ದ ಜನರೂ ಮಂಗಳೂರಿನವರು. ಆದರೆ ಕಾಗದದಲ್ಲಿ ಒಡೆತನ ಇದ್ದುದು ಬಾಸೆಲ್‌ನಲ್ಲಿ; ಸ್ವಿಟ್ಜರ್ಲೆಂಡ್ ತಟಸ್ಥ ದೇಶವಾಗಿದ್ದರೂ ಮಿಷನ್ನಿನ ಜರ್ಮನ್ ನಂಟಿನಿಂದಾಗಿ ಅದು ಶತ್ರುವಿನ ಆಸ್ತಿಯ ವ್ಯವಹಾರವಾಗಿ ಲಂಡನ್ನಿಗೆ ಹೋಯಿತು. ಕೆಲಸಗಾರರನ್ನು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ, ಏಕೆಂದರೆ ಕೇಳಿಸಿಕೊಳ್ಳುವ ಹಕ್ಕಿರುವ ಯಾವ ಸ್ಥಾನದಲ್ಲಿಯೂ ಅವರು ಇರಲಿಲ್ಲ. ಇಡುಗಂಟು ಯಾರಿಗಾಗಿ ಎಂಬುದು ಧರ್ಮದರ್ಶಿಯ ಮನಸ್ಸಿನಲ್ಲಿ ಮಾತ್ರ ಬರೆದಿದ್ದರೆ, ಅವನನ್ನು ಹಿಡಿದು ಶಿಬಿರಕ್ಕೆ ಕಳಿಸಿದ ದಿನ ಆ ಬರಹವೂ ಅವನೊಡನೆ ಹೋಗುತ್ತದೆ.

ಬೇರೆ ವ್ಯವಸ್ಥೆ ಆ ಕಾಲದಲ್ಲಿ ಸಾಧ್ಯವಿತ್ತೇ ಎಂದು ಕೇಳುವುದು ನ್ಯಾಯವಾದ ಆಕ್ಷೇಪ. ಸಾಧ್ಯವಿತ್ತೆಂದೇ ನಾನು ಹೇಳುತ್ತೇನೆ. ಸಹಕಾರಿ ಸಂಘಗಳ ಮೊದಲ ಕಾಯಿದೆ 1904ರಲ್ಲಿ ಬಂದಿತ್ತು. ಅದು ಸಾಲದ ಸಂಘಗಳಿಗೆ ಸೀಮಿತವಾಗಿತ್ತು. 1912ರ ಕಾಯಿದೆ ಉತ್ಪಾದನೆ, ಮಾರಾಟ ಮೊದಲಾದ ಉದ್ದೇಶಗಳಿಗೂ ಸಂಘ ಕಟ್ಟಲು ಅವಕಾಶ ಕೊಟ್ಟಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿಯೇ ಪುತ್ತೂರಿನಲ್ಲಿ ಸಹಕಾರದ ಕೆಲಸ ಆರಂಭಿಸಿದ್ದರು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದು 1914ರಲ್ಲಿ, ಯುದ್ಧ ಆರಂಭವಾದ ಅದೇ ವರ್ಷ. ಕಾರ್ಖಾನೆಯನ್ನು ಒಮ್ಮೆಗೇ ಕೆಲಸಗಾರರಿಗೆ ಬಿಟ್ಟುಕೊಡಬೇಕಿತ್ತು ಎಂಬುದು ನನ್ನ ವಾದವಲ್ಲ. ಲಾಭದ ಒಂದು ಭಾಗವನ್ನು ಕೆಲಸಗಾರರ ಹೆಸರಿನ ಷೇರಾಗಿ ಬರೆಯುವುದು, ಆಡಳಿತದಲ್ಲಿ ಅವರು ಆರಿಸಿದ ಕೆಲವರಿಗೆ ಸ್ಥಾನ ಕೊಡುವುದು, ಇಷ್ಟಾದರೂ ಆಗಿದ್ದರೆ 1919ರಲ್ಲಿ ಲಂಡನ್ನಿನ ಮುಂದೆ ನಿಂತು ಇದು ನಮ್ಮದೂ ಹೌದು ಎನ್ನುವವರು ಇರುತ್ತಿದ್ದರು. ಮುಂದೆ 1926ರ ಕಾರ್ಮಿಕ ಸಂಘಗಳ ಕಾಯಿದೆ ಬಂತು, ಬಿ.ವಿ. ಕಕ್ಕಿಲ್ಲಾಯರೂ ಸೇರಿದಂತೆ ಜಿಲ್ಲೆಯ ಕಮ್ಯುನಿಸ್ಟರು ಹಂಚಿನ ಕೆಲಸಗಾರರ ನಡುವೆ ಸಂಘಟನೆಗೆ ಇಳಿದರು. ಬೋನಸ್ಸು, ತುಟ್ಟಿಭತ್ಯೆಗಳ ಹೋರಾಟಗಳು ನಡೆದವು. ಒಡೆತನದ ಪ್ರಶ್ನೆ ಅಷ್ಟು ಹೊತ್ತಿಗೆ ಕೈಮೀರಿತ್ತು.

ಕೆಲಸಗಾರರಿಗೆ ಆಡಳಿತದ ಯೋಗ್ಯತೆ ಇರಲಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಮಿಷನ್ನಿನ ಚರಿತ್ರೆಯಲ್ಲಿಯೇ ಇದೆ. ಅದೇ ಯುದ್ಧದಲ್ಲಿ, ಅದೇ ಮಿಷನರಿಗಳು ಹೋದಾಗ, ಸಭೆಗಳು ಅನಾಥವಾಗಲಿಲ್ಲ. ದಶಕಗಳಿಂದ ಬಾಸೆಲ್ ಮಿಷನ್ ಸ್ಥಳೀಯ ಸಭಾಪಾಲಕರನ್ನೂ ಉಪದೇಶಿಗಳನ್ನೂ ತಯಾರಿಸಿತ್ತು, ಪ್ರತಿ ಸಭೆಯಲ್ಲಿಯೂ ಹಿರಿಯರ ಮಂಡಳಿ ಇತ್ತು; ಅವರು ಹೊಣೆ ಹೊತ್ತು ಸಭೆಯನ್ನು ನಡೆಸಿದರು, ಕಾಲಕ್ರಮದಲ್ಲಿ ಅದು ದಕ್ಷಿಣ ಭಾರತ ಸಭೆಯ ಭಾಗವಾಯಿತು. ಭಾನುವಾರ ಸಭೆಯ ಲೆಕ್ಕ ನೋಡಿ, ಶಿಸ್ತಿನ ವ್ಯಾಜ್ಯ ತೀರಿಸಿ, ಬಡವರ ನಿಧಿ ಹಂಚುವ ಯೋಗ್ಯತೆ ಇದ್ದ ಸಮುದಾಯಕ್ಕೆ ಸೋಮವಾರ ಕಾರ್ಖಾನೆಯ ಲೆಕ್ಕ ನೋಡುವ ಯೋಗ್ಯತೆ ಇರಲಿಲ್ಲವೆಂದು ಒಪ್ಪಲು ಸಾಧ್ಯವಿಲ್ಲ. ದೇವಾಲಯಕ್ಕೆ ಹಿರಿಯರ ಮಂಡಳಿ ಇದ್ದುದರಿಂದ ದೇವಾಲಯ ಮಂಗಳೂರಿನವರ ಕೈಗೆ ಬಂತು. ಕಾರ್ಖಾನೆಗೆ ಅಂಥ ಮಂಡಳಿಯನ್ನು ಯಾರೂ ಮಾಡಿರದ ಕಾರಣ ಕಾರ್ಖಾನೆ ಲಂಡನ್ನಿಗೆ ಹೋಯಿತು.